ಕ್ಯಾಮೆರಾಕ್ಕೆ ಮರ್ಯಾದೆ ಕಲಿಸಿದ ಅತ್ತೆ

ಮದ್ರಾಸಿಗೆ ಮೊಟ್ಟಮೊದಲು ಹೈ ಡೆಫಿನಿಷನ್ ಕ್ಯಾಮೆರಾ ತಂದವನು ನಾನು. ಸುಳ್ಳು. ನಾನು ತರುವ ಹೊತ್ತಿಗೆ ಈ ಊರಿನ ಮದುವೆ ಛತ್ರಗಳಲ್ಲೂ ಅದು ಹಳೇ ಸಾಮಾನಾಗಿತ್ತು. ಆದರೆ ಅಷ್ಟು ದೊಡ್ಡ ಕ್ಯಾಮೆರಾವನ್ನು ಎಲೆಕ್ಟ್ರಿಕ್ ಟ್ರೇನಿನಲ್ಲಿ ತೊಡೆ ಮೇಲೆ ಕೂರಿಸಿಕೊಂಡು ತಾಂಬರಂವರೆಗೆ ತಂದವನು ಮಾತ್ರ ನಾನೊಬ್ಬನೇ. ಅದೂ ಪೂರ್ತಿ ನಿಜ ಅಲ್ಲ, ತೊಡೆ ನನ್ನದಲ್ಲ. ಇಂಥವೆಲ್ಲ ನಿಮಗೇ ಯಾಕೆ ಆಗುತ್ತವೆ ಅಂತ ಹೆಂಡತಿ ಕೇಳುತ್ತಾಳೆ. ಎಲ್ಲರಿಗೂ ಆಗುತ್ತವೆ, ಬೇರೆಯವರು ಬಾಯಿ ಮುಚ್ಚಿಕೊಂಡಿರುತ್ತಾರೆ ಅಷ್ಟೆ. ನೀವು ಟೀ ಕುಡೀತಾ ಕೇಳಿ, ನಾನು ಪರ್ಸ್ ಮನೇಲಿ ಮರೆತು ಬಂದಿದ್ದೀನಿ.

ತೊಡೆ ಯಾರದು

ಹದಿನೈದು ವರ್ಷ ನಾನು ಅಂಗೈಯಗಲದ ವಿಡಿಯೋ ಕ್ಯಾಮೆರಾದಲ್ಲೇ ಸ್ವಂತ ಸಿನಿಮಾ ತೆಗೆದವನು. ಡೈರೆಕ್ಟರು ನಾನೇ, ಕ್ಯಾಮೆರಾಮನ್ನೂ ನಾನೇ. ನಟರು ಮನೆಯವರು, ಅಕ್ಕಪಕ್ಕದವರು. ಚಿತ್ರ ಮಾತ್ರ ಮಜ್ಜಿಗೆಯಲ್ಲಿ ಅದ್ದಿ ತೆಗೆದ ಹಾಗಿರುತ್ತಿತ್ತು. ಕೊನೆಗೆ ಒಂದು ಚಿತ್ರೋತ್ಸವದವರು "ಕಥೆ ಚೆನ್ನಾಗಿದೆ, ಆದರೆ ಯಾರ ಮುಖವೂ ಕಾಣಿಸುವುದಿಲ್ಲ" ಅಂತ ಬರೆದು ವಾಪಸ್ ಕಳಿಸಿದರು. ಈ ಸಲ ಮುಖ ಕಾಣಿಸಿಯೇ ತೀರಬೇಕು ಅಂತ ನಾಲ್ಕು ದಿನಕ್ಕೆ ದೊಡ್ಡ ಕ್ಯಾಮೆರಾ ಬಾಡಿಗೆಗೆ ಹಿಡಿದೆ.

ಈ ಊರಲ್ಲಿ ಅಂಥ ಕ್ಯಾಮೆರಾ ಒಂಟಿಯಾಗಿ ಬರುವುದಿಲ್ಲ. ಮದುವೆ ಹೆಣ್ಣಿನ ಜೊತೆ ಸೋದರಮಾವ ಬರುವ ಹಾಗೆ, ಬಾಡಿಗೆ ಅಂಗಡಿಯ ಅಟೆಂಡರು ಜೊತೆಗೇ ಬರುತ್ತಾನೆ. ನಮಗೆ ಬಂದವನು ನನ್ನಷ್ಟೇ ವಯಸ್ಸಿನ ಗಂಭೀರ ಮನುಷ್ಯ. ಅವನ ಬಾಯಲ್ಲಿ ಇದ್ದದ್ದು ಒಂದೇ ಮಾತು: "ತೊಡಾದೀಂಗ ಸಾರ್." ಅಂದರೆ, ಮುಟ್ಟಬೇಡಿ.

"ನಾನು ಡೈರೆಕ್ಟರ್ ಕಣಪ್ಪ!"

"ಡೈರೆಕ್ಟ್ ಪಣ್ಣುಂಗೋ ಸಾರ್. ತೊಡಾದೀಂಗ."

ಹಾಗಾಗಿ ಟ್ರೇನಿನಲ್ಲಿ ಕ್ಯಾಮೆರಾ ಕೂತದ್ದು ಅವನ ತೊಡೆಯ ಮೇಲೆ. ಎದುರು ಸೀಟಿನ ಹೆಂಗಸು ಕಣ್ಣರಳಿಸಿ, "ಸಿನಿಮಾನಾ? ಡೈರೆಕ್ಟರ್ ಯಾರು?" ಅಂತ ಅವನನ್ನೇ ಕೇಳಿದಳು. ಅವನು ನನ್ನ ಕಡೆ ಕೈ ತೋರಿಸಿದ. ಆಕೆ ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ನೋಡಿ ಅವನಿಗೆ ಹೇಳಿದಳು: "ತಮಾಷೆ ಸಾಕು, ನಿಜ ಹೇಳಿ."

ನೀಲಿ ಡಬ್ಬ

ಸಿನಿಮಾದ ನಾಯಕಿ ನಮ್ಮ ಅತ್ತೆ, ಹೆಂಡತಿಯ ತಾಯಿ. ವಿಮಾ ಆಫೀಸಿನಿಂದ ರಿಟೈರಾಗಿ ನಮ್ಮ ಜೊತೆಗೇ ಇದ್ದಾರೆ. ಕಥೆ ಇಷ್ಟೇ: ಸಮುದ್ರವನ್ನೇ ನೋಡದ ಮುದುಕಿಯೊಬ್ಬಳು ಒಂದು ದಿನ ಮನೆಯಲ್ಲಿ ಹೇಳದೆ ಹೋಗಿ ನೋಡುತ್ತಾಳೆ. ಸಮುದ್ರ ಕಂಡಾಗ ಅವಳ ಮುಖ ಹೇಗಾಗುತ್ತೆ ಅನ್ನುವುದೇ ಕೊನೆಯ ದೃಶ್ಯ. ಅದಿಲ್ಲದಿದ್ದರೆ ಸಿನಿಮಾ ಇಲ್ಲ.

ಮೊದಲ ದಿನ ಅಡುಗೆಮನೆಯ ದೃಶ್ಯ. ಅಜ್ಜಿ ಕಾಲದ ಚೊಂಬು ಅಂತ ನಾನು ಪುರಸೈವಾಕ್ಕಂನಿಂದ ತಂದಿದ್ದ ಹಿತ್ತಾಳೆ ಚೊಂಬಿನ ಮೇಲೆ ಅಂಗಡಿಯ ಸ್ಟಿಕರು ಪಂಚಾಂಗದ ಅಕ್ಷರದಷ್ಟು ಸ್ಪಷ್ಟವಾಗಿ ಮಾನಿಟರಿನಲ್ಲಿ ಕಾಣಿಸಿತು. ಅದನ್ನು ಕಿತ್ತೆ. ಮತ್ತೆ ನೋಡಿದರೆ, ಅಟ್ಟದ ಮೇಲೆ ಹಳೇ ಪಾತ್ರೆಗಳ ಹಿಂದೆ ಒಂದು ನೀಲಿ ಡಬ್ಬ. ಮುಚ್ಚಳದ ಸಂದಿಯಲ್ಲಿ ಕೋಡುಬಳೆ ಇಣುಕುತ್ತಿದೆ! ಡಾಕ್ಟರು ನನಗೆ ಎಣ್ಣೆ ತಿಂಡಿ ಬೇಡ ಅಂದ ಮೇಲೆ ಮನೆಯಲ್ಲಿ ಕೋಡುಬಳೆ ಮಾಡುವುದನ್ನೇ ನಿಲ್ಲಿಸಿದ್ದಾರೆ ಅಂತ ಆರು ತಿಂಗಳಿಂದ ನಂಬಿಕೊಂಡಿದ್ದೆ.

"ಕಟ್!" ಅಂದವನೇ ಸ್ಟೂಲು ಹತ್ತಿ ಕೈ ಚಾಚಿದೆ. ಹಿಂದಿನಿಂದ ಅತ್ತೆಯ ದನಿ ಬಂತು: "ತೊಡಾದೀಂಗ, ಅಳಿಯಂದ್ರೆ."

ಕೆಂಪು ದೀಪ

ಮುದುಕಿಯ ಗಂಡನ ಪಾತ್ರ ಪಕ್ಕದ ಮನೆ ಮಾಮನದು. ರೈಲ್ವೆಯಿಂದ ರಿಟೈರಾದವರು, ಆದರೆ ಮೀಸೆ ಇನ್ನೂ ಡ್ಯೂಟಿ ಮೇಲಿದೆ, ವಾರಕ್ಕೊಂದು ಸಲ ಕಪ್ಪು ಬಣ್ಣ. ಎರಡನೇ ದಿನ ನಾನು ಸುಮ್ಮನಿರಲಾರದೆ, "ಮಾಮ, ಹುಷಾರು. ಈ ಕ್ಯಾಮೆರಾ ಎದುರು ಸುಳ್ಳು ಹೇಳಿದರೆ ಮುಂದುಗಡೆ ಕೆಂಪು ದೀಪ ಹತ್ತುತ್ತೆ" ಅಂದೆ. ರೆಕಾರ್ಡಿಂಗ್ ಶುರುವಾದರೆ ಆ ದೀಪ ಹತ್ತುತ್ತೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

"ಹೋಗಯ್ಯಾ, ನಾನು ನೋಡದ ಸಿಗ್ನಲ್ಲಾ?"

"ಹಾಗಾದರೆ ನಿಮ್ಮ ವಯಸ್ಸು ಹೇಳಿ."

"ಅರವತ್ತೆರಡು." ಅಟೆಂಡರು ಅದೇ ಕ್ಷಣಕ್ಕೆ ಗುಂಡಿ ಒತ್ತಿದ. ದೀಪ ಹತ್ತಿತು.

ಮಾಮ ಬೆವರಿದರು. "ಅರವತ್ತಾರು." ದೀಪ ಆರಲಿಲ್ಲ. "ಸರಿನಪ್ಪಾ, ಎಪ್ಪತ್ತು! ಬರೋ ತಿಂಗಳು ಎಪ್ಪತ್ತೊಂದು!" ಅಟೆಂಡರು ಮತ್ತೆ ಗುಂಡಿ ಒತ್ತಿದ, ದೀಪ ಆರಿತು.

ಬಾಗಿಲಲ್ಲಿ ನಿಂತಿದ್ದ ಮಾಮಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದರು. "ಅದನ್ನ ಹಂಗೇ ಇಟ್ಟಿರಪ್ಪ. ನಾನೂ ಇವರನ್ನ ನಾಲ್ಕು ಪ್ರಶ್ನೆ ಕೇಳೋದಿದೆ."

ಮಂಗಳಾರತಿ

ಮೂರನೇ ದಿನ ಮಾಡಬಾರದ ತಪ್ಪು ಮಾಡಿದೆ: ಅತ್ತೆಗೆ ಮಾನಿಟರ್ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಯಾರಿವರು?" ಅಂದರು.

"ನೀವೇ, ಅತ್ತೆ."

"ನಮ್ಮಮ್ಮ ಕೂಡ ಇಷ್ಟು ಮುದುಕಿ ಆಗಿರಲಿಲ್ಲ! ಒಂದೊಂದು ಗೆರೇನೂ ಎಣಿಸಿ ತೋರಿಸ್ತಿದೆಯಲ್ಲ ಇದು. ನಿಮ್ಮ ಹಳೇ ಕ್ಯಾಮೆರಾ ಎಷ್ಟೋ ವಾಸಿ ಅಳಿಯಂದ್ರೆ, ಅದಕ್ಕೆ ಮರ್ಯಾದೆ ಗೊತ್ತಿತ್ತು. ನಾಳೆ ನಾನು ಬೀಚಿಗೆ ಬರೋದಿಲ್ಲ."

ಕ್ಯಾಮೆರಾ ಇರುವುದು ನಾಳೆ ಒಂದೇ ದಿನ. ನಾನು ಹೊಗಳಿದೆ, "ಅತ್ತೆ, ಕೈ ಮುಗೀತೀನಿ" ಅಂದೆ, ದೊಡ್ಡ ದೊಡ್ಡ ನಟಿಯರು ಗೆರೆ ಬೇಕು ಅಂತ ಬರೆಸಿಕೊಳ್ತಾರೆ ಅಂತ ಸುಳ್ಳು ಹೇಳಿದೆ. "ನಿಮ್ಮ ಎದುರಿಗೆ ಆ ಕೆಂಪು ದೀಪ ಹಿಡೀಬೇಕು" ಅಂದರು. ಹೆಂಡತಿ, "ರೀ, ಈ ಸಲಾನೂ ಮುಖ ಕಾಣಿಸದ ಸಿನಿಮಾನೇ ನಿಮ್ಮ ಹಣೇಲಿ ಬರೆದಿದೆ" ಅಂದಳು. ನನಗೆ ನಿಜವಾಗಿಯೂ ಊಟ ಸೇರಲಿಲ್ಲ. ಇದು ಸುಳ್ಳಲ್ಲ, ಕೋಡುಬಳೆಯೂ ಸೇರಲಿಲ್ಲ.

ಬೆಳಗ್ಗೆ ಎದ್ದರೆ ಅತ್ತೆ ರೇಷ್ಮೆ ಸೀರೆ ಉಟ್ಟು, ಎಣ್ಣೆದೀಪ ಇಟ್ಟ ಆರತಿ ತಟ್ಟೆ ಹಿಡಿದು ನಿಂತಿದ್ದಾರೆ. "ಕ್ಯಾಮೆರಾಕ್ಕೆ ಪೂಜೆ ಮಾಡದೆ ಶುರು ಮಾಡಿದ್ದೀರಿ, ಅದಕ್ಕೇ ಹಂಗೆ ತೋರಿಸಿದೆ. ಬೀಚಲ್ಲಿ ಪೂಜೆ ಮಾಡ್ತೀನಿ. ಆಮೇಲೆ ನೋಡೋಣ." ಅಟೆಂಡರು ಮೊದಲ ಸಲ ನಕ್ಕ. ಕರ್ಪೂರ ಹಚ್ಚದೆ ಕ್ಯಾಮೆರಾ ಓಡಿಸುವುದು ಈ ಊರಲ್ಲಿ ಮಹಾ ಅಪರಾಧ, ಮೂರು ದಿನದಿಂದ ಅವನ ಮುಖ ಊದಿದ್ದದ್ದು ಅದಕ್ಕೇ ಅಂತ ಆಗ ಗೊತ್ತಾಯಿತು.

ಬೆಸೆಂಟ್ ನಗರದ ಮರಳಿನಲ್ಲಿ ಕ್ಯಾಮೆರಾ ನಿಲ್ಲಿಸಿದೆವು. ಅತ್ತೆ ಮಂಗಳಾರತಿ ಎತ್ತಿದರು, ಅಟೆಂಡರು ಕಣ್ಣು ಮುಚ್ಚಿ ಕೈ ಮುಗಿದ. ನಾಲ್ಕು ದಿನದಲ್ಲಿ ಕ್ಯಾಮೆರಾಕ್ಕೆ ಕಾವಲಿಲ್ಲದ ಗಳಿಗೆ ಅದೊಂದೇ. ಅತ್ತೆ ಅದರ ನೆತ್ತಿಗೆ ಕುಂಕುಮ ಇಟ್ಟರು, ಕೆನ್ನೆ ಸವರಿದರು.

ಶಾಟ್ ತೆಗೆದೆ. ಮಾನಿಟರಿನಲ್ಲಿ ಏನು ಮುಖ ಅಂತೀರಿ! ಗೆರೆಗಳೆಲ್ಲ ಕರಗಿ, ಬಿಸಿಲೇ ಹೊನ್ನಾಗಿ, ಅತ್ತೆ ಹದಿನೈದು ವರ್ಷ ಹಿಂದಕ್ಕೆ ಹೋಗಿದ್ದರು. ಅವರೂ ನೋಡಿ ತಲೆದೂಗಿದರು. "ಈಗ ಬಂತು ಇದಕ್ಕೆ ಬುದ್ಧಿ."

ಅಷ್ಟರಲ್ಲಿ ಅಟೆಂಡರು "ಐಯಯ್ಯೋ!" ಅಂತ ಕೂಗಿದ. ಲೆನ್ಸಿನ ಮುಂದಿನ ಗಾಜಿನ ಮೇಲೆ ದೀಪದೆಣ್ಣೆಯ ಹೆಬ್ಬೆಟ್ಟು! ಬಟ್ಟೆ ತಂದು ಒರೆಸಿದ. ಗೆರೆಗಳು ವಾಪಸ್ ಬಂದವು. ಅತ್ತೆ ಶಾಂತವಾಗಿ ಮತ್ತೆ ಕರ್ಪೂರ ಹಚ್ಚಿದರು. ಕರ್ಪೂರ ಕಂಡರೆ ಪಾಪ ಅವನು ಕಣ್ಣು ಮುಚ್ಚಲೇಬೇಕು. ಹೀಗೆ ಏಳು ಶಾಟು, ಏಳು ಮಂಗಳಾರತಿ. ಕೊನೆಯದಕ್ಕೆ ಅವನೇ ಗಾಜು ಒರೆಸಿ, ಕ್ಯಾಮೆರಾ ಅವರ ಕಡೆ ತಿರುಗಿಸಿ, "ಅಮ್ಮಾ, ತೊಡುಂಗೋ" ಅಂದ. ಅಂದರೆ, ಮುಟ್ಟಿ. ಆಮೇಲೆ ಅತ್ತೆಯ ಜೊತೆ ಸೆಲ್ಫಿ ತೆಗೆಯಲು ಮೊಬೈಲು ಎತ್ತಿದ, ಅದರಲ್ಲಿ ತನ್ನ ಮುಖ ನೋಡಿದ, ಅದರ ಕಣ್ಣಿಗೂ ಒಂಚೂರು ಹಚ್ಚಿ ಅಂತ ಮುಂದಕ್ಕೆ ಹಿಡಿದ.

ಅದೇ ಚಿತ್ರೋತ್ಸವದವರು ಈ ಸಲ ಸಿನಿಮಾ ಆರಿಸಿದರು. "ಕೊನೆಯ ದೃಶ್ಯದ ಆ ಮೃದುವಾದ ಬೆಳಕು ಯಾವ ಲೆನ್ಸಿನದು?" ಅಂತ ಕೇಳಿ ಬರೆದರು. ಜರ್ಮನಿಯಿಂದ ತರಿಸಿದ್ದು ಅಂತ ಉತ್ತರ ಬರೆಯುತ್ತಿದ್ದೆ. ಅತ್ತೆ ಹೆಗಲ ಮೇಲಿಂದ ಇಣುಕಿ ಓದಿ, "ಲೆನ್ಸಿನ ಹೆಸರು ಕೇಳಿದರೆ ಹರಳೆಣ್ಣೆ ಅಂತ ಬರೀರಿ" ಅಂದರು.

ಇಷ್ಟೂ ಅಕ್ಷರಶಃ ನಿಜ. ಪರ್ಸ್ ಮನೇಲಿ ಮರೆತು ಬಂದಿದ್ದೀನಿ ಅನ್ನುವುದು ಮಾತ್ರ ಸುಳ್ಳು, ಜೇಬಲ್ಲೇ ಇದೆ. ಆದರೂ ಈ ಟೀ ದುಡ್ಡು ನೀವೇ ಕೊಟ್ಟುಬಿಡಿ.