ತೊಡೆಮೂಳೆ ಸುಳ್ಳು ಹೇಳುವುದಿಲ್ಲ

ಎಲ್ಲಕ್ಕೂ ಮೂಲ ಆ ಪಟ್ಟಿಯ ಕೊನೆಯ ಕಾಲಂ. ತೊಡೆಮೂಳೆ ಮುರಿದುಕೊಂಡ ಹತ್ತು ರೋಗಿಗಳ ಪಟ್ಟಿ ಅದು. ‘ಬಿದ್ದದ್ದು ಹೇಗೆ?’ ಎಂಬಲ್ಲಿ ಹತ್ತಕ್ಕೆ ಹತ್ತೂ ‘ಬಚ್ಚಲಲ್ಲಿ ಜಾರಿ’ ಎಂದಿತ್ತು.

“ಊರಿಗೆಲ್ಲ ಒಂದೇ ಬಚ್ಚಲೇನ್ರೀ?” ಮೂಳೆ ಡಾಕ್ಟರು ದಾಖಲೆ ಗುಮಾಸ್ತನ ಮೇಲೆ ಹರಿಹಾಯ್ದರು. “ವಯಸ್ಸಾದವರು ಜಾರಿ ಬಿದ್ರೆ ಸೊಂಟದ ಹತ್ರ ಮುರಿಯತ್ತೆ. ನಟ್ಟನಡುವೆ ಮುರೀಬೇಕಾದ್ರೆ ಬೈಕೋ ಮಹಡಿಯೋ ಇರಬೇಕು. ಹೋಗಿ ವಿಚಾರಿಸಿ. ಹೆಸರು ಬೇಡ, ನಂಬರ್ ಸಾಕು, ರೋಗಿಯ ಮಾನ ಕಾಯಬೇಕು. ನಾಲ್ಕು ಗಂಟೆ ಸಭೆಗೆ ಪಟ್ಟಿ ಸರಿಯಾಗಿದ್ರೆ ನಿಮ್ಮ ರಜೆಗೆ ಸಹಿ.”

ರಜೆ! ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಗುಮಾಸ್ತ ಏಳು ವರ್ಷದಿಂದ ಮೂಗಿಗೆ ತುಪ್ಪ ಸವರುತ್ತಲೇ ಬಂದಿದ್ದ. ಇವತ್ತು ಐದರ ಬಸ್ಸು. ಅವಳು ಆಗಲೇ ಪೆಟ್ಟಿಗೆ ಹಿಡಿದು ಆಸ್ಪತ್ರೆಯ ಗೇಟಿನಲ್ಲಿ ಕೂತಿದ್ದಳು.

ಅವಸರದಲ್ಲಿ ಅವನು ವಾರ್ಡಿಗೆ ನುಗ್ಗಿದ್ದು ಸರಿಯಾಗಿ ನೆಂಟರಿಷ್ಟರು ರೋಗಿಗಳನ್ನು ನೋಡಲು ಬರುವ ಹೊತ್ತಿಗೆ.

ಮೊದಲ ಮಂಚದ ಬಡಗಿಗೆ ಅವನ ಹೆಂಡತಿ ಗಂಜಿ ಕುಡಿಸುತ್ತಿದ್ದಳು.

“ಬಚ್ಚಲಲ್ಲಿ ಬಿದ್ರೆ ಹೀಗೆ ಮಧ್ಯಕ್ಕೆ ಮುರಿಯಲ್ಲ ಸ್ವಾಮಿ. ಇದು ಬೈಕಿನ ಮುರಿತ,” ಎಂದ ಗುಮಾಸ್ತ.

ಚಮಚ ಗಾಳಿಯಲ್ಲೇ ನಿಂತಿತು. “ಬೈಕ್ ಮಾರಿ ಮೂರು ತಿಂಗಳಾಯ್ತು ಅಂದ್ರಲ್ಲ?” ಎಂದಳು ಅವಳು.

ಐದನೆಯ ಮಂಚದಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ಸೊಸೆ.

“ಅಜ್ಜಿ, ನಿಮಗೆ ಸೊಂಟದ ಹತ್ರ ಮುರೀಬೇಕಿತ್ತು. ನಡುವೆ ಮುರಿದಿದೆ. ನಿಜ ಹೇಳಿ.”

“ಮೊಮ್ಮಗನ ಸ್ಕೂಟರ್ ಹೆಂಗೆ ಓಡತ್ತೆ ಅಂತ ಸ್ವಲ್ಪ ನೋಡಿದೆ ಕಣಪ್ಪಾ.”

“ಅತ್ತೇ! ಮಂಡಿನೋವು ಅಂತ ಎರಡು ವರ್ಷದಿಂದ ಒಂದು ಲೋಟ ಎತ್ತಿಟ್ಟಿಲ್ಲ ನೀವು!”

ಒಂಬತ್ತನೆಯವನ ಸರದಿ ಮುಗಿಯುವಷ್ಟರಲ್ಲಿ ವಾರ್ಡು ಸಂತೆಯಾಗಿತ್ತು. ಎರಡು ಸಂಸಾರಗಳಲ್ಲಿ ಮಾತು ನಿಂತಿತ್ತು, ಉಳಿದವುಗಳಲ್ಲಿ ನಿಲ್ಲುವ ಲಕ್ಷಣವೇ ಇರಲಿಲ್ಲ. ಬಡಗಿಯಂತೂ ಗುಮಾಸ್ತನಿಗೆ ಎಸೆಯಲೆಂದು ಮೂಳೆ ಎಳೆದು ಹಿಡಿಯಲು ತನ್ನ ಕಾಲಿಗೆ ತೂಗುಬಿಟ್ಟಿದ್ದ ತೂಕವನ್ನೇ ಬಿಚ್ಚತೊಡಗಿದ್ದ. ಗುಮಾಸ್ತ ಎದ್ದೆನೋ ಬಿದ್ದೆನೋ ಎಂದು ಹೊರಗೋಡಿದ.

ಹತ್ತನೆಯದು ಪಟ್ಟಿಯಲ್ಲೇ ಉಳಿದಿದ್ದ ಹಳೆಯ ಕೇಸು; ಆ ರೋಗಿ ಗುಮಾಸ್ತ ಕೆಲಸಕ್ಕೆ ಸೇರುವ ಮೊದಲೇ ಗುಣವಾಗಿ ಮನೆಗೆ ಹೋಗಿದ್ದ. ಗಂಡಸು, ವಯಸ್ಸು ಐವತ್ತೆರಡು, ಎಡತೊಡೆ, ನಟ್ಟನಡುವೆ. ಈಗ ಗುಮಾಸ್ತನಿಗೆ ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ‘ಬಚ್ಚಲು’ ಹೊಡೆದುಹಾಕಿ ‘ಬೈಕು, ಅತಿವೇಗ’ ಎಂದು ಬರೆದ. ಉತ್ಸಾಹ ತಡೆಯಲಾರದೆ ‘ಹಿಂದೆ ಇನ್ನೊಬ್ಬರು ಕೂತಿದ್ದಿರಬಹುದು’ ಎಂದೂ ಸೇರಿಸಿದ.

ನಾಲ್ಕಕ್ಕೆ ಸಭಾಂಗಣದ ಗೋಡೆಯ ಮೇಲೆ ಪಟ್ಟಿ ದೊಡ್ಡದಾಗಿ ಮೂಡಿತು. ಡಾಕ್ಟರು ಸಂತೋಷದಿಂದ ಒಂಬತ್ತರವರೆಗೆ ಓದಿದರು. ಹತ್ತಕ್ಕೆ ಬಂದವರು ಯಾಕೋ ಕೆಮ್ಮತೊಡಗಿದರು.

ಮುಂದಿನ ಸಾಲಿನಿಂದ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಎದ್ದರು. ಅವರು ಡಾಕ್ಟರ ಧರ್ಮಪತ್ನಿ.

“ಐವತ್ತೆರಡು, ಎಡತೊಡೆ, ತಾರೀಖು ನಮ್ಮ ಮದುವೆ ವಾರ್ಷಿಕೋತ್ಸವದ್ದೇ. ಏನ್ರೀ, ನಮ್ಮನೆ ಬಚ್ಚಲಿಗೆ ಬೈಕ್ ಯಾವಾಗ ಬಂತು? ಹಿಂದೆ ಕೂತೋರು ಯಾರು?”

“ಅದೂ... ಈ ಗುಮಾಸ್ತನಿಗೆ ತಲೆ ಕೆಟ್ಟಿದೆ ಕಣೇ! ಮೊದಲು ಇವನನ್ನ ರಜೆ ಮೇಲೆ ಕಳಿಸ್ತೀನಿ!” ಡಾಕ್ಟರು ಅವಸರವಾಗಿ ಅರ್ಜಿಗೆ ಸಹಿ ಗೀಚಿ ಚಾಚಿದರು. ಗುಮಾಸ್ತನ ಕಣ್ಣಲ್ಲಿ ನೀರೇ ಬಂತು.

ಮೇಟ್ರನ್ ಮಧ್ಯದಲ್ಲೇ ಅರ್ಜಿ ಕಸಿದು ಚೂರುಚೂರು ಮಾಡಿದರು. ಆಮೇಲೆ ಗುಮಾಸ್ತನಿಗೆ ಅಕ್ಕರೆಯಿಂದ ಕುರ್ಚಿ ಎಳೆದುಕೊಟ್ಟರು.

“ಕೂತ್ಕೊಳ್ಳಿ ತಮ್ಮಾ. ಇವರು ಹೋದ ವರ್ಷ ಕೈಯೂ ಮುರ್ಕೊಂಡಿದ್ರು. ಆ ಫೈಲು ತರಿಸ್ತೀನಿ.”

ಗೇಟಿನಾಚೆ ಐದರ ಬಸ್ಸು ಹಾರ್ನ್ ಹೊಡೆಯಿತು. ಕಿಟಕಿಯಿಂದ ಗುಮಾಸ್ತ ಇಣುಕಿದಾಗ, ಹೆಂಡತಿ ಒಬ್ಬಳೇ ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದಳು.