ಸಾವಕಾರ್ರ ಚರಿತ್ರಿಗೆ ಕ್ಯಾಮೆರಾ ಬಂತು

ಪ್ರೆಸ್ ಇಟ್ಟವರು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ಸಂಶಿ ಬಸ್‌ಸ್ಟ್ಯಾಂಡಿನ ಬಾಜೂಕ ಅಪ್ಪ ಬಿಟ್ಟುಹೋದ ಪ್ರೆಸ್ಸನ್ನು ಮಗಳಾದ ನಾನು ನಡೆಸತೊಡಗಿದಾಗಿನಿಂದ ನೋಡುತ್ತಲೇ ಇದ್ದೇನೆ. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋದರೆ ಒಂದು ಜಗಳ, ಬಿಡದೆ ಹಾಕಿದರೆ ಕಾಕಾನ ಕಡೆಯಿಂದ ಇನ್ನೊಂದು. ಆದರೆ ಸಾವಕಾರ್ರ ಜೀವನಚರಿತ್ರೆ ಅಚ್ಚು ಹಾಕಿದ ಮೇಲೆ ನಡೆದದ್ದರ ಮುಂದೆ ಅವೆಲ್ಲ ಏನೂ ಅಲ್ಲ.

ಸಾವಕಾರ್ರು ನಮ್ಮ ಭಾಗದ ಹಳೆಯ ರಾಜಕಾರಣಿ. ಸಿಕ್ಕ ಎಲ್ಲ ಪಕ್ಷದಿಂದಲೂ ಚುನಾವಣೆಗೆ ನಿಂತು, ಯಾವ ಪಕ್ಷಕ್ಕೂ ಭೇದಭಾವ ಮಾಡದೆ ಎಲ್ಲದರಿಂದಲೂ ಸೋತವರು. ಆದರೂ ಅವರ ಗತ್ತು ಇಳಿದಿರಲಿಲ್ಲ. ಹರೆಯದಲ್ಲಿ ರೈತರ ಚಳವಳಿಯೊಂದರಲ್ಲಿ ಪೊಲೀಸರ ಕೈಗೆ ಸಿಗದೆ 'ಭೂಗತರಾಗಿ' ಹೋರಾಡಿದವರು ಎಂದು ಅವರಿಗೊಂದು ಹೆಸರಿತ್ತು. ಬ್ಯಾನರಿನಲ್ಲಿ ಅವರ ಮೀಸೆಯ ಕೆಳಗೆ ಯಾವಾಗಲೂ ಒಂದೇ ಸಾಲು: 'ಭೂಗತ ಹೋರಾಟಗಾರ.'

ಅವರ ಬಾಲ್ಯದ ಗೆಳೆಯರು ಗುಡಗೇರಿಯ ಒಬ್ಬ ರಿಟೈರ್ಡ್ ಕನ್ನಡ ಮಾಸ್ತರು. "ನನ್ನ ಚರಿತ್ರಿ ನೀನ ಬರಿಯಲೇ" ಎಂದು ಸಾವಕಾರ್ರೇ ಹೇಳಿದ್ದರು. ಮಾಸ್ತರು ಬರೆದರು. ಸಾವಕಾರ್ರು ಭೂಗತರಾದದ್ದು ಖರೆ ಎಂದೂ ಬರೆದರು. ಆದರೆ ಎಲ್ಲಿ ಎಂದೂ ಬರೆದುಬಿಟ್ಟರು: ಬಾಜೂ ಮನೆಯ ಹಗೇವಿನಲ್ಲಿ! ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಜೀಪಿನ ಸಪ್ಪಳ ಕೇಳಿ ಸಾವಕಾರ್ರು ಅದರೊಳಗೆ ಧುಮುಕಿದರಂತೆ, ಕತ್ತಲಲ್ಲಿ ಕುಂತು 'ಅವ್ವಾ ಅವ್ವಾ' ಎಂದು ಜಪ ಮಾಡಿದರಂತೆ. ಕಡೆಗೆ ನೋಡಿದರೆ ಬಂದದ್ದು ಪೊಲೀಸ್ ಜೀಪಲ್ಲ, ಮಲೇರಿಯಾ ಔಷಧ ಹೊಡೆಯುವವರ ಜೀಪು.

ಪುಸ್ತಕ ಹೊರಬಿದ್ದ ಮೇಲೆ ಸಾವಕಾರ್ರು ಮಾಸ್ತರ ಜೊತೆ ಮಾತು ಬಿಟ್ಟರು. ನನಗೆ ವಕೀಲರ ನೋಟೀಸ್ ಬಂತು. ಹಗೇವಿನ ಕತೆ ಶುದ್ಧ ಸುಳ್ಳು, ಪುಸ್ತಕ ವಾಪಸ್ ತಗೊಳ್ಳದಿದ್ದರೆ ಪ್ರೆಸ್ಸಿಗೆ ಬೀಗ ಹಾಕಿಸುತ್ತೇವೆ ಎಂದು. ಅಪ್ಪನ ಕಾಲದ ಪ್ರೆಸ್ಸು. ಅಂಥ ಹೊತ್ತಿನಲ್ಲಿ ಬೆಂಗಳೂರಿನಿಂದ ಒಬ್ಬ ನಿರ್ದೇಶಕಿ ಒಬ್ಬ ಕ್ಯಾಮೆರಾಮನ್ನನನ್ನು ಕರೆದುಕೊಂಡು ಬಂದಿಳಿದಳು. ಸಣ್ಣ ಊರಿನಲ್ಲಿ ದೊಡ್ಡವರ ವಿರುದ್ಧ ಒಂದು ಪುಸ್ತಕ ಹೇಗೆ ಹೊರಬಂತು ಎಂಬುದರ ಮೇಲೆ ಚಿತ್ರ ಮಾಡುತ್ತಾಳಂತೆ. ನಾನೂ ಮಾಸ್ತರೂ ಮುಖ ಮುಖ ನೋಡಿಕೊಂಡೆವು.

ಸಾಕ್ಷಿ ಹೇಳುವವರು

ಮೊದಲ ದಿನ ಊರ ಮಂದಿಯ ಅಭಿಪ್ರಾಯ ತೆಗೆದುಕೊಳ್ಳೋಣ ಎಂದು ಚಾದಂಗಡಿಗೆ ಹೋದೆವು. ಅಂಗಡಿ ತುಂಬಿತ್ತು. ಪುಸ್ತಕದ ಮೇಲೆಯೇ ಜೋರು ಚರ್ಚೆ ನಡೆದಿತ್ತು. ನಿರ್ದೇಶಕಿಗೆ ಖುಷಿಯೋ ಖುಷಿ.

"ನಮಸ್ಕಾರ, ನಾವು ಆ ಪುಸ್ತಕದ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡ್ತಾ ಇದ್ದೀವಿ" ಅಂದಳು.

'ಸಾಕ್ಷಿ' ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಮಂದಿ ಕಪ್ಪಿನಲ್ಲಿದ್ದ ಚಾ ಬಸಿಗೆ ಸುರುವಿ, ಒಂದೇ ಗುಟುಕಿಗೆ ಕುಡಿದು ಎದ್ದರು. ನೋಟೀಸಿನ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಕೋರ್ಟಿನವರು ಕ್ಯಾಮೆರಾ ಸಮೇತ ಬಂದಿದ್ದಾರೆ ಎಂದು ಅವರ ಲೆಕ್ಕ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಂಗಡಿಯಲ್ಲಿ ಉಳಿದವನು ಮೊಣಕಾಲು ನೋವಿನ ಒಬ್ಬ ಮುದುಕಪ್ಪ ಮಾತ್ರ, ಅದೂ ಏಳಲಾಗದೆ.

ನಿರ್ದೇಶಕಿ ಅವನ ಮುಂದೆ ಮೈಕು ಹಿಡಿದಳು. "ಅಜ್ಜಾ, ನಿಮಗೆ ಏನಾದರೂ ಗೊತ್ತಾ?"

"ನಾ ಆ ದಿನ ಊರಾಗ ಇದ್ದಿದ್ದಿಲ್ಲವಾ" ಅಂದ ಮುದುಕಪ್ಪ.

"ಯಾವ ದಿನ ಅಜ್ಜಾ?"

"ನೀವು ಯಾವ ದಿನ ಹೇಳ್ತೀರಿ, ಆ ದಿನ."

ಸತ್ತ ಮಷಿನ್ನಿಗೆ ಜೀವ

ಮರುದಿನ ಪ್ರೆಸ್ಸಿನೊಳಗೆ ಶೂಟಿಂಗ್. ನಾನು ಕಂಪ್ಯೂಟರ್ ಮುಂದೆ ಕುಂತೆ. ನಿರ್ದೇಶಕಿ ಮುಖ ಸಣ್ಣದು ಮಾಡಿಕೊಂಡಳು.

"ಇದು ಬ್ಯಾಂಕ್ ಥರ ಕಾಣುತ್ತೆ ಮೇಡಂ. ಟಕಾ ಟಕಾ ಅಂತ ಸೌಂಡ್ ಬರೋ ಮಷಿನ್ ಇಲ್ವಾ?"

ಇತ್ತು. ಮೂಲೆಯಲ್ಲಿ ಅಪ್ಪನ ಕಾಲದ, ಕಾಲಿಂದ ತುಳಿಯುವ ಮಷಿನ್ನು ಗೋಣಿಚೀಲ ಹೊದ್ದು ಮಲಗಿತ್ತು. ಅದು ತಿರುಗದೆ ವರ್ಷಗಳಾಗಿದ್ದವು. ಅದನ್ನು ಎಬ್ಬಿಸಲು ನಮ್ಮ ಬೈಂಡಿಂಗ್ ಚಾಚಾನನ್ನು ಕರೆದೆ. ಅಪ್ಪನ ಕಾಲದಿಂದಲೂ ನಮ್ಮ ಪುಸ್ತಕಗಳನ್ನೆಲ್ಲ ಹೊಲಿಯುವವರು ಅವರೇ. ಚಾಚಾ ಎಣ್ಣೆ ಬಿಡುತ್ತಿದ್ದಾಗ ನಿರ್ದೇಶಕಿ ಕೇಳಿದಳು, "ಚಾಚಾ, ಈ ವಿವಾದದ ಪುಸ್ತಕ ಬೈಂಡ್ ಮಾಡೋವಾಗ ನಿಮಗೆ ಹೆದರಿಕೆ ಆಗಲಿಲ್ವಾ? ಓದಿದ್ರಾ ನೀವು?"

"ಓದಿದ್ರ ಬೈಂಡ್ ಮಾಡಾಕ ಮನಸು ಬರ್ತಿದ್ದಿಲ್ ಬೇಟಿ" ಅಂದರು ಚಾಚಾ. ಮಾಸ್ತರು ಅಲ್ಲೇ ಪಕ್ಕದಲ್ಲಿ ನಿಂತಿದ್ದರು. ಗೋಡೆ ಕಡೆ ಮುಖ ಮಾಡಿ ಕ್ಯಾಲೆಂಡರ್ ಓದತೊಡಗಿದರು.

ಅಂತೂ ಮಷಿನ್ನು ಎದ್ದಿತು. ಅದರೊಳಗೆ ಯಾವುದೋ ಹಳೆಯ ಕೆಲಸದ ಅಚ್ಚಿನ ಮೊಳೆಗಳು ಜೋಡಿಸಿದ ಹಾಗೇ ಇದ್ದವು. "ಯಾವುದಾದರೂ ಇರಲಿ, ದೂರದಿಂದ ತೆಗಿತೀವಿ, ಅಕ್ಷರ ಕಾಣಲ್ಲ" ಅಂದ ಕ್ಯಾಮೆರಾಮನ್. ನಾನು ತುಳಿದೆ. ಟಕಾ ಟಕಾ ಟಕಾ. ನಿರ್ದೇಶಕಿ ಭಕ್ತಿಯಿಂದ ಕಣ್ಣರಳಿಸಿ, "ಮಾಸ್ಟ್ರೇ, ಆ ಹಾಳೆ ಕೈಯಲ್ಲಿ ಹಿಡ್ಕೊಳಿ. ಅಧಿಕಾರವನ್ನು ನಡುಗಿಸಿದ ಹಾಳೆ ಅದು. ಜೋರಾಗಿ ಓದಿ!" ಅಂದಳು.

ಮಾಸ್ತರು ಕನ್ನಡಕ ಏರಿಸಿ ಓದಿದರು: "ಎಮ್ಮೆ ಕಳೆದಿದೆ. ಕೋಡು ಹಿಂದಕ್ಕೆ ಬಾಗಿವೆ. ಕಂಡ ಕಂಡವರ ಹೊಲ ಮೇಯುತ್ತದೆ. ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ಹತ್ತಿರ ಹೋದರೆ ಹಾಯುತ್ತದೆ."

ಮಾಸ್ತರು ಹಾಳೆಯನ್ನು ಇನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

"ಇಷ್ಟರಾಗ ಮುಗಿಯೋದನ್ನ ನಾ ಸುಮ್ಮನ ಪುಸ್ತಕ ಮಾಡಿದೆ ನೋಡ್ರಿ."

ಎರಡನೇ ಸಲ ಸುಟ್ಟದ್ದು

ಪುಸ್ತಕ ಬಂದ ಹೊಸದರಲ್ಲಿ ಅದನ್ನು ಸುಡಲು ಸಾವಕಾರ್ರ ಹಿಂಬಾಲಕರು ಪ್ರೆಸ್ಸಿನ ಮುಂದೆ ಸೇರಿದ್ದರು. ಅವರ ಮುಖಂಡ ಶಾಮಿಯಾನದ ಅಂಗಡಿಯವನು, ನನ್ನ ಕಾಯಂ ಗಿರಾಕಿ. ಘೋಷಣೆ ಕೂಗಿ ಮುಗಿದ ಮೇಲೆ ನೆನಪಾಯಿತು, ಸುಡಲು ಪುಸ್ತಕವೇ ತಂದಿಲ್ಲ. ಒಳಗೆ ಬಂದು ಸಣ್ಣ ದನಿಯಲ್ಲಿ, "ಅಕ್ಕಾರ, ಏನರ ರದ್ದಿ ಇದ್ರ ಕೊಡ್ರಿ, ಬೆಂಕಿಗೆ ಯಾವ ಪುಸ್ತಕ ಅಂತ ಏನ್ ಗೊತ್ತಾಗ್ತೈತಿ" ಅಂದ. ಕೈಗೆ ಸಿಕ್ಕ ಹಾಳೆಯ ಕಟ್ಟು ಕೊಟ್ಟೆ. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಉರಿಯ ನಡುವೆ 'ಚಿ. ಸೌ.' ಎಂಬ ಅಕ್ಷರ ನಿಚ್ಚಳವಾಗಿ ಕಾಣುತ್ತಿತ್ತು. ತಪ್ಪು ಅಚ್ಚಾದ ಅವನ ತಂಗಿಯ ಮಗಳ ಲಗ್ನಪತ್ರಿಕೆಗಳನ್ನೇ ಅವನು ಸುಟ್ಟಿದ್ದ. ತಂಗಿ ಆಮೇಲೆ ಬಹಳ ದಿನ ಅವನ ಮನೆ ಹೊಸ್ತಿಲು ತುಳಿಯಲಿಲ್ಲ.

ಈಗ ನಿರ್ದೇಶಕಿ ಅವನನ್ನು ಹಿಡಿದು, ಅದೇ ಪ್ರತಿಭಟನೆಯನ್ನು ಇನ್ನೊಮ್ಮೆ ಮಾಡಿ ತೋರಿಸಿ ಅಂದಳು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮೀಸೆಗೆ ಕಪ್ಪು ಹಚ್ಚಿಕೊಂಡು ಬಂದ. ಹಿಂದೆ ಮಂದಿಯೂ ಬಂದರು. ಬೆಂಕಿ ಹಚ್ಚಿದರೆ ಗಾಳಿ ಅತ್ತ ಬೀಸಿತು. ಮತ್ತೆ ಹಚ್ಚಿದರೆ ಬಸ್ಸು ಅಡ್ಡ ಬಂತು. ಕ್ಯಾಮೆರಾಮನ್ "ಇನ್ನೊಂದ್ಸಲ" ಅಂದಾಗೆಲ್ಲ ಅವರು "ಪ್ರೆಸ್ಸಿನವರಿಗೆ ಧಿಕ್ಕಾರ!" ಎಂದು ಗಂಟಲು ಹರಿದುಕೊಂಡರು. ಬಿಸಿಲು ಏರಿತು. ಪಾಪ, ನನಗಾಗಿ ಇಷ್ಟು ಕೂಗಿ ಕೂಗಿ ಅವರ ದನಿ ಬಿದ್ದುಹೋಯಿತಲ್ಲ ಎನಿಸಿ, ಎಲ್ಲರನ್ನೂ ಕರೆದು ಚಾ, ಮಿರ್ಚಿ ಭಜಿ ಕೊಟ್ಟೆ.

ತಿಂದೆದ್ದು ಮತ್ತೆ ನಿಂತರು. ಕ್ಯಾಮೆರಾ ತಿರುಗಿತು. ಈ ಸಲ ಗಾಳಿಯೂ ಸರಿ, ಉರಿಯೂ ಸರಿ. ಮುಖಂಡ ಕೈ ಎತ್ತಿ, "ಪ್ರೆಸ್ಸಿನ ಅಕ್ಕಾರಿಗೆ..." ಅಂದ. ಹಿಂದಿದ್ದವರೆಲ್ಲ ಒಕ್ಕೊರಲಿನಿಂದ, "ಜಯವಾಗಲಿ!"

ನಿರ್ದೇಶಕಿ ತಲೆ ಹಿಡಿದುಕೊಂಡಳು. "ಯಾಕ್ರೀ ಹೀಗೆ ಮಾಡಿದ್ರಿ?"

"ಭಜಿ ಇನ್ನೂ ಬಾಯಾಗ ಐತ್ರಿ ಮೇಡಂ" ಅಂದ ಮುಖಂಡ. "ಅದು ಇಳಿಯೂ ಮಟ ಧಿಕ್ಕಾರ ಹೊರಗ ಬರಂಗಿಲ್ಲ."

ಅವ್ವಾರ ಮರ್ಯಾದಿ

ಸಾವಕಾರ್ರು ಕ್ಯಾಮೆರಾದ ಮುಂದೆ ಬರಲು ಒಪ್ಪಲಿಲ್ಲ. ಅವರ ಹೆಂಡತಿ ಒಪ್ಪಿದರು. ಊರವರಿಗೆಲ್ಲ ಅವರು 'ಅವ್ವಾರು'. ಇಲಕಲ್ ಸೀರೆ ಉಟ್ಟು, ಸೆರಗು ಹೊದ್ದು, ಪಡಸಾಲೆಯಲ್ಲಿ ನೆಟ್ಟಗೆ ಕುಂತರು. ನನ್ನನ್ನು ಕಂಡು ಮುಖ ತಿರುಗಿಸಿದರು, ಆದರೆ ನನ್ನ ಕೈಗೂ ಚುರಮರಿ ಕೊಡಲು ಮರೆಯಲಿಲ್ಲ.

"ಆ ಮಾಸ್ತರ ನಮ್ಮ ಮನಿತನದ ಮರ್ಯಾದಿ ಹರಾಜ ಹಾಕಿದ" ಎಂದು ಶುರು ಮಾಡಿದರು. "ಬಾಜೂ ಮನಿ ಹಗೇವಿನ್ಯಾಗ ಇಳದ್ರು ಅಂತ ಬರದಾನ. ಬಾಜೂ ಮನಿ! ಊರಾಗ ನಮ್ಮಷ್ಟು ಜ್ವಾಳ ಬೆಳಿಯೋರು ಯಾರಿದ್ರು? ನಮ್ಮ ಅಂಗಳದಾಗ ಹಗೇವು ಇದ್ದಿದ್ದಿಲ್ಲೇನು? ಗತಿ ಇಲ್ಲದೋರಂಗ ಮತ್ತೊಬ್ಬರ ಹಗೇವು ಹುಡುಕ್ಕೊಂಡು ಹೋಗೋದು ನಮಗೇನು ಬಂದಿತ್ತು?"

"ಅಂದರೆ ಅವರು ಬಾಜೂ ಮನೆಯ ಹಗೇವಿಗೆ ಇಳಿಯಲೇ ಇಲ್ಲ, ಅಲ್ವಾ?" ನಿರ್ದೇಶಕಿ ಕೇಳಿದಳು.

"ಇಳದ್ರು. ನಾನ ಕಂದೀಲ ಹಿಡದಿದ್ದೆ."

"ಮತ್ತೆ ನಿಮ್ಮದರಲ್ಲೇ ಯಾಕೆ ಇಳೀಲಿಲ್ಲ?"

ಅವ್ವಾರು ಸೆರಗು ಸರಿಮಾಡಿಕೊಂಡು, ಕ್ಯಾಮೆರಾವನ್ನೇ ದಿಟ್ಟಿಸಿ ಹೆಮ್ಮೆಯಿಂದ ಅಂದರು: "ಹೆಂಗ ಇಳೀತಾರವಾ? ನಮ್ಮವು ತುಂಬಿದ್ದುವು! ಖಾಲಿ ಹಗೇವು ಅಂದ್ರ ಬಾಜೂ ಮನಿಯವರದs ನೋಡು!"

ಒಳಗಿನ ಕೋಣೆಯಿಂದ ಏನೋ ಬಿದ್ದ ಸಪ್ಪಳವಾಯಿತು. ಸಾವಕಾರ್ರು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದರು.

ಮುಖಾಮುಖಿ

ಮನೆಯವರೇ ಎಲ್ಲ ಹೇಳಿಬಿಟ್ಟ ಮೇಲೆ ಸಾವಕಾರ್ರು ತಾವಾಗಿಯೇ ಹೇಳಿಕಳಿಸಿದರು: "ಮಾಸ್ತರನ್ನ ಕರಕೊಂಡು ಬರ್ರಿ. ಕ್ಯಾಮೆರಾದ ಮುಂದs ಮಾತಾಡ್ತೀನಿ." ಏನು ಮಾಡುತ್ತಾರೋ, ಕಡೆಗೆ ಪ್ರೆಸ್ಸಿಗೆ ಬೀಗ ಬೀಳುತ್ತದೋ ಎಂದು ದಾರಿಯುದ್ದಕ್ಕೂ ನನಗೆ ಚಿಂತೆ. ಸಾವಕಾರ್ರೂ ಮಾಸ್ತರೂ ಒಂದೇ ಬೆಂಚಿನ ಮೇಲೆ ಕುಂತು ಕಲಿತವರು. ಪುಸ್ತಕ ಬಂದಾಗಿನಿಂದ ಎದುರಾದರೆ ಓಣಿ ಬದಲಿಸುತ್ತಿದ್ದರು.

ಪಡಸಾಲೆಯಲ್ಲಿ ಎದುರಾಬದುರು ಎರಡು ಕುರ್ಚಿ. ಇಬ್ಬರ ಅಂಗಿಗೂ ಮೈಕು ಸಿಕ್ಕಿಸಿದರು. ಕ್ಯಾಮೆರಾ ತಿರುಗಿತು. ನಿರ್ದೇಶಕಿ ಉಸಿರು ಬಿಗಿಹಿಡಿದು ಜಗಳಕ್ಕೆ ಕಾದಳು. ಸಾವಕಾರ್ರು ಮಾಸ್ತರನ್ನು ಮೇಲಿಂದ ಕೆಳಗೆ ನೋಡಿದರು.

"ಶುಗರ್ ಎಷ್ಟೈತಲೇ?"

"ಏರೈತಿ" ಅಂದರು ಮಾಸ್ತರು. "ನಿನ್ನ ಮೊಣಕಾಲು?"

"ಮೆಟ್ಟಲ ಏರಾಕ ಬರಂಗಿಲ್ಲ."

ಅಲ್ಲಿಂದ ಗುಳಿಗೆ, ಪಥ್ಯ, ಹುಬ್ಬಳ್ಳಿಯ ಡಾಕ್ಟರು ಎಂದು ಮಾತು ಸಾಗಿಯೇ ಸಾಗಿತು. ತಡೆಯಲಾರದೆ ನಿರ್ದೇಶಕಿ ನಡುವೆ ಬಾಯಿ ಹಾಕಿದಳು. "ಸರ್, ಪುಸ್ತಕದ ವಿಷಯ! ಮಾಸ್ಟ್ರೇ, ಹಗೇವಿನ ಒಳಗಿನ ಕತ್ತಲೆ, ಇವರು 'ಅವ್ವಾ ಅವ್ವಾ' ಅಂದಿದ್ದು, ಎಲ್ಲಾ ಬರೆದಿದ್ದೀರ. ಯಾರೂ ನೋಡದೆ ಇರೋದು ನಿಮಗೆ ಹೇಗೆ ಗೊತ್ತಾಯ್ತು? ಯಾರು ಹೇಳಿದ್ದು?"

ಇದು ನನಗೂ ಹೊಳೆದಿರಲಿಲ್ಲ. ಮಾಸ್ತರು ನೀರು ಕೇಳಿದರು. ತಂಬಿಗೆ ಬಂತು. ಕುಡಿದರು. ಮತ್ತೆ ಕುಡಿದರು.

ಸಾವಕಾರ್ರು ಹೊಟ್ಟೆ ಕುಣಿಸುತ್ತ ನಗತೊಡಗಿದರು. "ಹೇಳಲೇ ಮಾಸ್ತರ. ನಾ ಕತ್ತಲದಾಗ ಧುಮುಕಿದಾಗ ನನ್ನ ಕಾಲು ಯಾರ ತಲಿ ಮ್ಯಾಲ ಬಿತ್ತು? ಹೇಳು!"

ಮಾಸ್ತರು ತಲೆ ಮುಟ್ಟಿಕೊಂಡರು.

"ನನಗಿಂತ ಮೊದಲ ಇಂವ ಒಳಗ ಹೋಗಿ ಕುಂತಿದ್ದ!" ಸಾವಕಾರ್ರು ಕ್ಯಾಮೆರಾದ ಕಡೆ ತಿರುಗಿದರು. "ನಾ 'ಅವ್ವಾ' ಅಂದದ್ದು ಖರೆ. ಇಂವ 'ಅಪ್ಪಾ' ಅನ್ನಾಕತ್ತಿದ್ದ. ಇದನ್ನ ಆವಾಗs ಹೇಳೂಣು ಅಂದ್ರ, ನಾನೂ ಒಳಗ ಇದ್ದೆ ಅಂತ ಒಪ್ಪಿಕೊಂಡಂಗ ಆಗ್ತಿತ್ತು. ಈಗ ಮನ್ಯಾಕಿನ 'ನಾನ ಕಂದೀಲ ಹಿಡದಿದ್ದೆ' ಅಂತ ಹೇಳಿದ ಮ್ಯಾಲ ಇನ್ನ ಮುಚ್ಚಿಡೋದು ಏನುಳದೈತಿ?"

ಕ್ಯಾಮೆರಾಮನ್ನನ ಭುಜ ಅಲುಗುತ್ತಿತ್ತು. ಅವ್ವಾರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಸಾವಕಾರ್ರು ನನ್ನ ಕಡೆ ಕೈ ಮಾಡಿ, "ನೋಟೀಸ್ ಹರದು ಒಗೀ ತಂಗಿ. ವಕೀಲರಿಗೆ ನಾ ಹೇಳ್ತೀನಿ. ನಿನ್ನ ಪ್ರೆಸ್ಸಿಗೆ ಏನೂ ಆಗಂಗಿಲ್ಲ" ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಅವರು ಕುರ್ಚಿ ಮುಂದಕ್ಕೆಳೆದು ಮಾಸ್ತರ ಮುಖದ ಹತ್ತಿರ ಬಾಗಿದರು. ಈಗ ನಗುತ್ತಿರಲಿಲ್ಲ.

"ಒಂದ ಮಾತು ಹೇಳು ದೋಸ್ತ. ಹಗೇವು ಬರದಿ, ಕತ್ತಲ ಬರದಿ, ಮಲೇರಿಯಾ ಜೀಪೂ ಬಿಡಲಿಲ್ಲ. ಬಾಜೂಕ ನೀನೂ ಕುಂತಿದ್ದಿ ಅನ್ನೋದನ್ನ ಒಂದ ಸಾಲು ಯಾಕ ಬರೀಲಿಲ್ಲ?"

ಮಾಸ್ತರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಶಾಲೆಯಲ್ಲಿ ವ್ಯಾಕರಣದ ತಪ್ಪು ತಿದ್ದುವಾಗ ಇರುತ್ತಿದ್ದ ಅದೇ ಗಾಂಭೀರ್ಯ ಮುಖದ ಮೇಲೆ ಬಂತು.

"ಹೆಂಗ ಬರಿಯಾಕ ಬರ್ತೈತಲೇ?" ಅಂದರು. "ಅದು ನಿನ್ನ ಜೀವನಚರಿತ್ರಿ. ನಂದಲ್ಲ."