ಮಿಲಿಮೀಟರ್ ಕಟ್ಟಿದ ಅಡುಗೆಮನೆ

“ಇನ್ನು ಕಿಟಕಿಯ ವಿಷಯಕ್ಕೆ ಈ ಮನೇಲಿ ಯಾರೂ ಬಾಯಿ ನೋಯಿಸ್ಕೋಬೇಕಾಗಿಲ್ಲ. ನಾನು ಕಟ್ಟಿ ತೋರಿಸ್ತೀನಿ” ಎಂದು ಮಿಲಿಮೀಟರ್ ಘೋಷಿಸಿದರು.

ಮಿಲಿಮೀಟರ್ ಎಂಬುದು ಮಗಳು ಇಟ್ಟ ಹೆಸರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವರ ಉದ್ಯೋಗ. ಮನೆಗೆ ಬಂದ ಮೇಲೆ ಹಡಗು, ವಿಮಾನ, ಸೇತುವೆ, ರೈಲು ನಿಲ್ದಾಣಗಳನ್ನೆಲ್ಲ ಅಂಗೈಯಗಲಕ್ಕೆ ಇಳಿಸಿ ಕಟ್ಟುವುದು ಅವರ ಹುಚ್ಚು. ಈ ಹುಚ್ಚು ಬದುಕಿನ ಪಾಠಗಳನ್ನೆಲ್ಲ ತನಗೆ ಕಲಿಸಿದೆ ಎಂದು ಅವರು ಹೇಳಿಕೊಳ್ಳದ ದಿನವಿರಲಿಲ್ಲ. ಅಂಟು ಒಣಗುವ ತನಕ ಕಾದರೆ ತಾಳ್ಮೆ ಬರುತ್ತದೆ. ಉಸಿರು ಬಿಗಿಹಿಡಿದು ಬಣ್ಣ ಬಳಿದರೆ ಸಂಯಮ ಬರುತ್ತದೆ. ಎಲ್ಲ ಕಡೆಯಿಂದ ನೋಡಿದರೆ ಮಾತ್ರ ಒಂದು ವಸ್ತು ಅರ್ಥವಾಗುತ್ತದೆ. ಮಗಳಿಗೆ ಅಂಕ ಕಡಿಮೆ ಬಂದಾಗ, ಪಕ್ಕದ ಮನೆಯವರು ಮುನಿಸಿಕೊಂಡಾಗ, ನಲ್ಲಿ ಸೋರಿದಾಗ ಇವುಗಳಲ್ಲಿ ಒಂದು ಪಾಠವನ್ನು ತೆಗೆದು ಮುಂದಿಡುತ್ತಿದ್ದರು. ನಲ್ಲಿ ಮಾತ್ರ ಸೋರುತ್ತಲೇ ಇತ್ತು.

ಕಿಟಕಿಯ ವಿಷಯ ಇಷ್ಟು. ಅಡುಗೆಮನೆಯ ಒಲೆಯ ಮುಂದಿನ ಗೋಡೆಯಲ್ಲಿ ಬಹಳ ಎತ್ತರಕ್ಕೆ ಒಂದು ಕಿಟಕಿ ಇದೆ. ಅದನ್ನು ಕೆಳಗಿಳಿಸಿ ಎಂದು ಹೆಂಡತಿ ಈ ಮನೆಗೆ ಬಂದ ವರ್ಷದಿಂದ ಕೇಳುತ್ತಿದ್ದರು. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಇನ್ನೇನು ಬರಬೇಕು ಎಂಬುದು ಗಂಡನ ವಾದ. ಹೊರಗೆ ಇರುವುದಾದರೂ ಏನು? ಹಿಂದಿನ ಮನೆಯವರ ಬಟ್ಟೆ ಒಣಗುವ ತಂತಿ, ಒಂದು ನೀರಿನ ಟ್ಯಾಂಕು, ಯಾರೋ ಬಿಟ್ಟುಹೋದ ಹಳೇ ಸೈಕಲ್ಲು. ಗಂಡನಿಗೆ ಅದೆಲ್ಲ ನಿಂತಲ್ಲಿಂದಲೇ ಕಾಣುತ್ತಿತ್ತು. ಹೀಗೆ ವರ್ಷಗಳು ಉರುಳಿದವು. ಈಗ ಅಡುಗೆಮನೆಯ ಗೋಡೆಗೆಲ್ಲ ಟೈಲ್ಸ್ ಹಾಕಿಸುವುದೆಂದು ತೀರ್ಮಾನವಾಗಿತ್ತು, ಮೇಸ್ತ್ರಿ ಭಾನುವಾರ ಬೆಳಗ್ಗೆ ಬರುವವರಿದ್ದರು. ಒಮ್ಮೆ ಟೈಲ್ಸ್ ಕೂತಿತೆಂದರೆ ಮುಗಿಯಿತು, ಮತ್ತೆ ಆ ಗೋಡೆಯನ್ನು ಯಾರೂ ಮುಟ್ಟುವಂತಿಲ್ಲ. ಈ ಸಲ ಇಳಿಸದಿದ್ದರೆ ಇನ್ನು ಈ ಜನ್ಮದಲ್ಲಿ ಕೇಳುವುದಿಲ್ಲ ಎಂದು ಹೆಂಡತಿ ಮೆಲ್ಲಗೆ ಹೇಳಿದರು. ಕೂಗಾಡಿದ್ದರೆ ಗಂಡ ನಿಶ್ಚಿಂತೆಯಿಂದ ಇರುತ್ತಿದ್ದರು. ಆ ಮೆಲುದನಿ ಅವರನ್ನು ಕೆಣಕಿತು. ಹಾಗಾಗಿಯೇ ಈ ಘೋಷಣೆ.

ಹತ್ತರಲ್ಲಿ ಒಂದು ಪಾಲಿನ ಅಳತೆಗೆ ಇಡೀ ಅಡುಗೆಮನೆಯನ್ನು ಕಟ್ಟುವುದು, ಕಿಟಕಿ ಇದ್ದಲ್ಲೇ ಸರಿಯಾಗಿದೆ ಎಂದು ಕಣ್ಣಾರೆ ತೋರಿಸಿಕೊಡುವುದು: ಇದು ಯೋಜನೆ. ಮಾರನೆಯ ದಿನದಿಂದಲೇ ಟೇಪು ಹಿಡಿದು ಅಡುಗೆಮನೆಗೆ ದಂಡೆತ್ತಿ ಹೋದರು. ಸೌಟು ಅಳತೆಗೆಂದು ಹೋಯಿತು, ಸಾರು ಲೋಟದಲ್ಲಿ ಬಡಿಸುವಂತಾಯಿತು. ಸಿಲಿಂಡರಿಗೆ ತಕ್ಕ ಕೆಂಪು ಸಿಗಲಿಲ್ಲವೆಂದು ಮಗಳ ಉಗುರುಬಣ್ಣ ಖಾಲಿಯಾಯಿತು. ಡಬ್ಬಿಗಳನ್ನು ಅಳೆದು ಇಟ್ಟ ಮೇಲೆ ಸಕ್ಕರೆ ಯಾವುದು ಉಪ್ಪು ಯಾವುದು ಎಂಬುದು ಬಾಯಿಗೆ ಹಾಕಿಕೊಂಡೇ ತಿಳಿಯಬೇಕಾಯಿತು. ಊಟದ ಮೇಜು ಒಲೆಯ ಮುಂದೆ ನಿಲ್ಲುವವರ ಬೆನ್ನ ಹಿಂದೆಯೇ ಇದೆ. ಅವರು ಎಂದಿನಂತೆ ಅಲ್ಲಿ ಕೂತು ಕತ್ತರಿಸಿದರು, ಅಂಟಿಸಿದರು. ಹೆಂಡತಿ ಒಲೆಯ ಮುಂದೆ ನಿಂತು ತಾವು ಪಾಠ ಮಾಡುವ ಶಾಲೆಯಲ್ಲಿ ನಡೆದದ್ದನ್ನು ಹೇಳಿದರು, ಅಕ್ಕನ ಮೊಣಕಾಲು ನೋವಿನ ಸುದ್ದಿ ಹೇಳಿದರು. ಎಲ್ಲಕ್ಕೂ ಹಿಂದಿನಿಂದ ಒಂದೇ ಅಳತೆಯ “ಹೂಂ” ಬಂತು. ಬಾಯಿ ಬಿಟ್ಟರೆ ಉಸಿರಿಗೆ ಚೂರುಗಳು ಹಾರಿಹೋಗುತ್ತವಲ್ಲ!

ಕೊನೆಗೆ ಉಳಿದದ್ದು ಮನುಷ್ಯರು. ಒಲೆಯ ಮುಂದೆ ನಿಲ್ಲಿಸಲು ಹೆಂಡತಿಯ ಗೊಂಬೆ ಬೇಕು, ಅದಕ್ಕೆ ಅವರ ಎತ್ತರ ಬೇಕು. ಕೇಳಿದರೆ ಗೊಂಬೆಯ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಮದುವೆಯ ಫೋಟೋ ಇಳಿಸಿ ತಂದರು. ಫೋಟೋದಲ್ಲಿ ಹೆಂಡತಿ ಅವರ ಕಿವಿಯ ಮಟ್ಟಕ್ಕೆ ನಿಂತಿದ್ದರು. ತಮ್ಮ ಎತ್ತರ ಗೊತ್ತು, ಅದರಿಂದ ಹೆಂಡತಿಯ ಎತ್ತರವನ್ನು ಲೆಕ್ಕ ಹಾಕಿ ತೆಗೆದು ಜೇಡಿಮಣ್ಣಿನಲ್ಲಿ ಗೊಂಬೆ ಮಾಡಿ ನಿಲ್ಲಿಸಿದರು. ಗೊಂಬೆ ಕಿಟಕಿಯಾಚೆ ಆರಾಮವಾಗಿ ನೋಡುತ್ತಿತ್ತು. ಮಿಲಿಮೀಟರ್ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಭಾನುವಾರ ತಿಂಡಿಯ ಹೊತ್ತಿಗೆ, ಮೇಸ್ತ್ರಿ ಬರುವ ಮುಂಚೆ, ಮೇಜಿನ ಮೇಲಿನ ಬಟ್ಟೆ ಸರಿಸಿ ಅನಾವರಣ ಮಾಡಿದರು. ಹಿಂದಿನ ಗೋಡೆಯಿಲ್ಲದ, ಮೇಲೆ ಸೂರಿಲ್ಲದ ಪುಟ್ಟ ಅಡುಗೆಮನೆ. ಕಡ್ಡಿಯಷ್ಟು ಸೌಟು, ಗುಂಡಿಯಷ್ಟು ತಟ್ಟೆ, ಸೋರುವ ನಲ್ಲಿಯ ಕೆಳಗೆ ಬಕೆಟ್ಟು ಕೂಡ! ಒಲೆಯ ಮುಂದೆ ನಿಂತ ಗೊಂಬೆಯ ಬೆನ್ನ ಹಿಂದೆ ಮೇಜು, ಮೇಜಿಗೆ ತಲೆ ಬಗ್ಗಿಸಿ ಕೂತ ಗಡ್ಡದ ಒಬ್ಬ ಮನುಷ್ಯ.

“ಅಪ್ಪ, ಇದರೊಳಗೂ ನೀನು ಕೂತೇ ಇದ್ದೀಯಲ್ಲ” ಎಂದಳು ಮಗಳು.

ಹೆಂಡತಿ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಒಲೆಯ ಮುಂದಿನ ಗೊಂಬೆಯ ಕಡೆ ಬೆರಳು ಮಾಡಿದರು.

“ಮನೆ ನಮ್ಮದೇ. ಈ ಹೆಂಗಸು ಯಾರ್ರೀ?”

“ಯಾರು ಅಂದ್ರೆ? ನೀನೇ.”

“ನಾನಾ? ಇಷ್ಟುದ್ದ ಯಾವಾಗ ಬೆಳೆದೆ?”

ಮಿಲಿಮೀಟರ್ ಸೋಲುವವರಲ್ಲ. ಫೋಟೋ ತಂದು ಸಾಕ್ಷಿ ಹಿಡಿದರು. ಹೆಂಡತಿ ಅದನ್ನು ನೋಡಿ ನಕ್ಕರು, ಆದರೆ ನಗು ಪೂರ್ತಿ ಬರಲಿಲ್ಲ.

“ಜೋಡಿ ಸರಿ ಕಾಣಲ್ಲ ಅಂತ ಫೋಟೋದವನು ನನ್ನನ್ನ ಸ್ಟೂಲ್ ಮೇಲೆ ನಿಲ್ಲಿಸಿ ಅದು ಕಾಣದ ಹಾಗೆ ಬಟ್ಟೆ ಇಳಿಬಿಟ್ಟಿದ್ದ. ನೀವೂ ಪಕ್ಕದಲ್ಲೇ ನಿಂತಿದ್ರಿ.”

ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು, ಈಗಲೇ ಸರಿಪಡಿಸುತ್ತೇನೆ ಎಂದು ಅವರು ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ ಟೇಪು ಎಳೆದರು. ಕೂದಲೆಳೆ ಎಲ್ಲಿ ಬಂತು? ಹೆಂಡತಿಯ ನೆತ್ತಿ ಅವರ ಅಂಗಿಯ ಜೇಬಿನ ಹತ್ತಿರ ನಿಂತಿತು. ಊರಿನವರ ಕಣ್ಣಿಗೆಲ್ಲ ಗಾಜು ಕೂರಿಸಿದ ಮನುಷ್ಯ ಟೇಪನ್ನು ಎರಡು ಸಲ ನೋಡಿ ಗೊಂಬೆಯ ಕಾಲು ಕತ್ತರಿಸಿದರು. ಪಾದವನ್ನು ಮತ್ತೆ ಸೇರಿಸಿ, ಕ್ಷಣದಲ್ಲಿ ಹಿಡಿಯುವ ಅಂಟು ಹಾಕಲು ಹೋದರು. ಬುಡ್ಡಿ ಮಗುಚಿ ಅಂಟು ಪುಟ್ಟ ನೆಲದ ತುಂಬ ಚೆಲ್ಲಿತು.

ಅದನ್ನು ಒರೆಸುವ ವ್ಯವಧಾನ ಯಾರಿಗಿತ್ತು? ಕುಳ್ಳಿಯಾದರೂ ಕಿಟಕಿ ಕಂಡೇ ಕಾಣುತ್ತದೆ ಎಂದು ಸಾಧಿಸುವ ಅವಸರ. ಗೊಂಬೆಯನ್ನು ಪಕ್ಕಕ್ಕಿಟ್ಟರು, ಮೇಜನ್ನೂ ಅದಕ್ಕೆ ಕೂತಿದ್ದ ತಮ್ಮನ್ನೂ ಕಿತ್ತು ಹೊರಗಿಟ್ಟರು, ಹಿಂದಿನಿಂದ ತಲೆ ತೂರಿಸಿ, ಗೊಂಬೆಯ ಕಣ್ಣಿದ್ದ ಮಟ್ಟಕ್ಕೆ ತಮ್ಮ ಕಣ್ಣು ಬರುವಂತೆ ಗದ್ದವನ್ನು ನೆಲಕ್ಕೆ ಊರಿದರು. ಅಂಟು ತನ್ನ ಕರ್ತವ್ಯವನ್ನು ಮಾಡಿತು!

ಏಳಲು ಹೋದರು. ಗಡ್ಡ ಬರಲಿಲ್ಲ. ಇನ್ನೊಮ್ಮೆ ಎಳೆದರು. ಇಡೀ ಅಡುಗೆಮನೆ ಗದ್ದಕ್ಕೆ ತೂಗಿಕೊಂಡು ಮೇಲೆದ್ದಿತು, ಪಾತ್ರೆಗಳು ಚೆಲ್ಲಾಪಿಲ್ಲಿಯಾದವು. ನೋವಿಗೆ ಕಣ್ಣಲ್ಲಿ ನೀರು ಬಂದು ಮತ್ತೆ ಮೇಜಿಗೆ ತಲೆಯಿಟ್ಟರು. ಮಗಳು ಕತ್ತರಿ ಹುಡುಕಲು ಓಡಿದಳು. ಕತ್ತರಿಯನ್ನು ಯಾವುದೋ ಅಳತೆಗೆಂದು ತೆಗೆದುಕೊಂಡು ಹೋದವರು ಅವರೇ, ಎಲ್ಲಿಟ್ಟೆವೆಂದು ಹೇಳಲು ಬಾಯಿ ಆಡುತ್ತಿರಲಿಲ್ಲ.

ಹೀಗೆ ಅವರು ಬಹಳ ಹೊತ್ತು ಹೆಂಡತಿಯ ಜಾಗದಲ್ಲಿ ನಿಲ್ಲಬೇಕಾಯಿತು. ಕಣ್ಣೆದುರಿಗೆ ಗೋಡೆ. ತಾವೇ ರಟ್ಟಿಗೆ ಬಣ್ಣ ಬಳಿದು ನಯ ಮಾಡಿದ ಗೋಡೆ. ಕಣ್ಣನ್ನು ಮೇಲೆತ್ತಿ ನೋವಾಗುವಷ್ಟು ತಿರುಗಿಸಿದರೆ ಕಿಟಕಿಯ ಕೆಳಗಿನ ಅಂಚು, ಅದರಾಚೆ ಏನೂ ಇಲ್ಲ. ತಂತಿಯೂ ಇಲ್ಲ, ಟ್ಯಾಂಕೂ ಇಲ್ಲ. ಬೆಳಗ್ಗೆ ಎದ್ದು ಹಾಲು ಕಾಯಿಸುವಾಗ ಇದು, ಶಾಲೆಯಿಂದ ಬಂದು ಅನ್ನಕ್ಕಿಡುವಾಗ ಇದು, ಜ್ವರ ಬಂದ ದಿನವೂ ಇದೇ. ಅವರಿಗೆ ನಿಜವಾಗಿ ನಾಚಿಕೆಯಾಯಿತು. ಇಷ್ಟು ವರ್ಷ ಈ ಗೋಡೆಯನ್ನು ನೋಡುತ್ತಾ ನಿಂತವಳಿಗೆ ಗಾಳಿ ಬರುತ್ತದೆ, ಬೆಳಕು ಬರುತ್ತದೆ ಎಂದು ತಾವು ಹಿಂದಿನಿಂದ ಉಪದೇಶ ಮಾಡಿದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಮೇಸ್ತ್ರಿ ಚೀಲ ಹಿಡಿದು ಒಳಗೆ ಬಂದವರು ಯಜಮಾನರ ಭಂಗಿ ನೋಡಿ ಅಲ್ಲೇ ನಿಂತರು.

“ಸಾರ್ ಏನು ಮಾಡ್ತಿದಾರಮ್ಮ?”

“ಅಡುಗೆಮನೆಗೆ ಬಂದಿದಾರೆ. ಅಭ್ಯಾಸ ಇಲ್ಲ, ಸ್ವಲ್ಪ ಹೊತ್ತು ಹಿಡಿಯುತ್ತೆ” ಎಂದರು ಹೆಂಡತಿ.

ಕತ್ತರಿ ಕೊನೆಗೆ ಅಕ್ಕಿಡಬ್ಬಿಯಲ್ಲಿ ಸಿಕ್ಕಿತು. ಹೆಂಡತಿ ಪಕ್ಕದಲ್ಲಿ ಕೂತು, ಎಳೆಎಳೆಯಾಗಿ, ಚರ್ಮಕ್ಕೆ ತಗಲದ ಹಾಗೆ ಗಡ್ಡ ಕತ್ತರಿಸಿದರು. ಅವರ ಬೆರಳು ಗದ್ದಕ್ಕೆ ತಾಗಿದಾಗ ಮಿಲಿಮೀಟರ್ ಕಣ್ಣು ಮುಚ್ಚಿಕೊಂಡರು. ಪುಟ್ಟ ಅಡುಗೆಮನೆಯ ನೆಲದಲ್ಲಿ ಒಂದು ಹುಲ್ಲಿನ ಪೊದೆಯಷ್ಟು ಗಡ್ಡ ಉಳಿಯಿತು.

ಎದ್ದು ನಿಂತವರ ಮುಖ ಇಂಗು ತಿಂದ ಮಂಗನಂತಿತ್ತು. ಆದರೂ ಅರ್ಧ ಗಡ್ಡದಲ್ಲೇ ಗಂಭೀರವಾಗಿ, ಕಿಟಕಿಯನ್ನು ಕೆಳಗಿಳಿಸಲೇಬೇಕು, ಟೈಲ್ಸ್ ಆಮೇಲೆ ನೋಡೋಣ ಎಂದು ಮೇಸ್ತ್ರಿಗೆ ಆಜ್ಞೆ ಮಾಡಿದರು. ಎಷ್ಟು ಇಳಿಸಲಿ ಎಂದು ಮೇಸ್ತ್ರಿ ಕೇಳಿದರು. ಯಜಮಾನರ ಕೈ ತಾನಾಗಿ ಟೇಪಿನ ಕಡೆ ಹೋಯಿತು. ಹೆಂಡತಿ ಮಾತ್ರ ತಮ್ಮ ಶಾಲೆಯ ಚೀಲದಿಂದ ಸೀಮೆಸುಣ್ಣ ತೆಗೆದು, ಒಲೆಯ ಮುಂದೆ ಹೋಗಿ ನಿಂತು, ಎದೆಯ ಮಟ್ಟಕ್ಕೆ ಗೋಡೆಯುದ್ದಕ್ಕೂ ಒಂದು ಗೆರೆ ಎಳೆದರು. ಆ ಗೆರೆ ಎಲ್ಲಿ ಬರಬೇಕೆಂದು ಅವರಿಗೆ ಯೋಚಿಸಬೇಕಾಗಿಯೇ ಇರಲಿಲ್ಲ.

ಮಿಲಿಮೀಟರ್ ಟೇಪನ್ನು ಜೇಬಿಗೆ ಹಾಕಿಕೊಂಡರು. ಇಷ್ಟು ವರ್ಷ ಕೇಳದಿದ್ದ ಒಂದು ಪ್ರಶ್ನೆಯನ್ನು ಈಗ ಕೇಳಬೇಕೆನ್ನಿಸಿತು.

“ಅಲ್ಲ ಕಣೇ, ನಿಜ ಹೇಳು. ಅಲ್ಲಿ ಏನು ನೋಡಬೇಕು ನಿನಗೆ?”

ಹೆಂಡತಿ ಕೈಯ ಸುಣ್ಣ ಕೊಡವಿಕೊಂಡರು.

“ಏನಾದ್ರೂ ಸರಿ. ಇಷ್ಟು ವರ್ಷ ಹಿಂದೆ ತಿರುಗಿದ್ರೆ ನೀವು, ಮುಂದೆ ತಿರುಗಿದ್ರೆ ಗೋಡೆ. ಇಬ್ಬರ ಹತ್ರಾನೂ ಸಾಕಷ್ಟು ಮಾತಾಡಿ ನೋಡಿದೆ. ಗೋಡೇನಾದ್ರೂ ಒಡೀಬಹುದಲ್ಲ ಅಂತ.”

ಮೇಸ್ತ್ರಿ ಸುತ್ತಿಗೆ ಎತ್ತಿದರು. ಯಾವುದಕ್ಕೂ ಇರಲಿ ಎಂದು ಮಿಲಿಮೀಟರ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.